ಮೂಲೆಯ ಒಂದು ಚಪ್ಪಡಿ

ಅಬುಧಾಬಿಯಲ್ಲಿ ನಾನು ನಕ್ಷೆ ಬಿಡಿಸುವ ಕೆಲಸಕ್ಕಿದ್ದೆ. ಆ ವರ್ಷ ದೇಶದ ಕೇಂದ್ರ ಬ್ಯಾಂಕಿನ ಕಟ್ಟಡದ ಬಗ್ಗೆ ನಮ್ಮ ಆಫೀಸು ಒಂದು ಪುಸ್ತಕ ತರುವುದಿತ್ತು. ಹೊರಗೋಡೆಯ ಚಿತ್ರ ಬರೆಯುವುದೂ ಕಟ್ಟಡ ಎದ್ದ ಬಗೆಯನ್ನು ಕೇಳಿ ಒಟ್ಟುಮಾಡುವುದೂ ನನ್ನ ಪಾಲಿಗೆ ಬಂತು.

ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದವರು ಆಫೀಸಿನ ಡ್ರೈವರ್, ನಮ್ಮ ಉಡುಪಿ ಕಡೆಯ ಬ್ಯಾರಿ. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಕಾರು ನಿಲ್ಲಿಸಿದವರು, "ಈ ಗೋಡೆಯ ಕಲ್ಲು ಕೂರಿಸಿದ್ದು ನಾವೇ ಮಾರಾಯ್ರೆ, ನಾನು ಡ್ರೈವರ್ ಆಗುವ ಮೊದಲು," ಎಂದರು.

ನಾನು ನಂಬಲಿಲ್ಲ.

"ಹಡಗಿನಲ್ಲಿ ಅಲ್ ಮೀನಾ ಬಂದರಿಗೆ ಬಂದ ಕಲ್ಲು. ಬಿಸಿಲಿಗೆ ಮುಟ್ಟಲಿಕ್ಕೆ ಆಗ್ತಿರಲಿಲ್ಲ, ಕೈಗೆ ಒದ್ದೆ ಗೋಣಿ ಸುತ್ತಿಕೊಳ್ತಿದ್ದೆವು. ಆ ಮೂಲೆಯದ್ದು ಒಡೆದುಹೋಯ್ತು. ಬೇರೆಯದ್ದು ನಾನೇ ಕಡಿದು ಇಟ್ಟೆ. ಅದರ ಗೆರೆ ಉದ್ದಕ್ಕೆ ಉಂಟು, ನೋಡಿ."

ಹತ್ತಿರ ಹೋಗಿ ನೋಡಿದೆ. ಉಳಿದೆಲ್ಲ ಚಪ್ಪಡಿಗಳ ಗೆರೆ ಅಡ್ಡಕ್ಕೆ, ಅದೊಂದರದ್ದು ಮಾತ್ರ ನೆಟ್ಟಗೆ.

"ಪುಸ್ತಕದಲ್ಲಿ ನಮ್ಮ ಹೆಸರು ಸಹ ಹಾಕ್ತೀರಾ?" ಕಾಕ ನಾಚಿಕೊಂಡೇ ಕೇಳಿದರು.

"ಮ್ಯಾನೇಜರಲ್ಲಿ ಕೇಳಿ ನೋಡ್ತೇನೆ," ಎಂದೆ. ಕೇಳಲಿಲ್ಲ. ಡ್ರೈವರ್ ಹೇಳಿದ್ದನ್ನು ಇತಿಹಾಸ ಎನ್ನುತ್ತಾನೆಂದು ನಕ್ಕಾರು ಎಂಬ ಅಂಜಿಕೆ. ವಾಸ್ತುಶಿಲ್ಪದ ಅಧ್ಯಾಯದಲ್ಲಿ ಕಮಾನು, ನೆರಳು, ಕಲ್ಲಿನ ಬಣ್ಣ ಎಲ್ಲ ಬರೆದೆ; ಕೂರಿಸಿದವರ ಬಗ್ಗೆ ಒಂದು ಸಾಲಿಲ್ಲ.

ಅಷ್ಟರಲ್ಲಿ ಕಾಕನ ವೀಸಾ ಕ್ಯಾನ್ಸಲ್ ಆಯಿತು. ಬನಿಯಾಸಿನ ರೂಮು ಖಾಲಿ ಮಾಡಿ ಊರಿಗೆ ಹೋದರು. ಕೆಲವು ತಿಂಗಳ ಮೇಲೆ ಫೋನ್ ಬಂತು: "ಪುಸ್ತಕ ಆಯ್ತಾ?"

ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. "ಇನ್ನೂ ಇಲ್ಲ ಕಾಕ," ಎಂದುಬಿಟ್ಟೆ.

ಆಮೇಲೆ ತಡೆಯಲಾರದೆ ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. "ಮೊದಲೇ ಹೇಳಬಾರದಿತ್ತೇ? ಅವರ ಫೋಟೋವನ್ನೇ ಹಾಕಬಹುದಿತ್ತಲ್ಲ," ಎಂದು ಪೇಚಾಡಿಕೊಂಡರು.

ರಜೆಯಲ್ಲಿ ಪುಸ್ತಕ ಹಿಡಿದು ಕಾಕನ ಮನೆಗೆ ಹೋದೆ. ಅವರು ಒಂದೊಂದೇ ಪುಟ ತಿರುವಿದರು. ಇಂಗ್ಲಿಷ್ ಬಾರದು, ಮಗಳನ್ನು ಕರೆದರು. "ನಮ್ಮ ಹೆಸರು ಎಲ್ಲಿ ಉಂಟು ನೋಡು."

ಮಗಳು ಹುಡುಕತೊಡಗಿದಳು. ನನಗೆ ನೋಡಲಾಗಲಿಲ್ಲ. "ಇಲ್ಲ ಕಾಕ. ನಾನು ಕೇಳಲೇ ಇಲ್ಲ. ಫೋನಿನಲ್ಲಿ ಹೇಳಿದ್ದೂ ಸುಳ್ಳು," ಎಂದೆ.

ಕಾಕ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು. ಅವಳಿಗೆ, "ಅವರು ಬಿಸಿಲಿಗೆ ಬಂದಿದ್ದಾರೆ, ಶರಬತ್ತು ಮಾಡು," ಎಂದರು.

ಬೈದಿದ್ದರೆ ಹಗುರವಾಗುತ್ತಿತ್ತು. ಹೊರಡುವಾಗ ಪುಸ್ತಕವನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟರು.