ಗಾಡಿ ಸಿಗಲಿಲ್ಲ

ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರಿಗೆ ನಿವೃತ್ತಿಯಾದ ಮೇಲೂ ಬೆರಳು ಸುಮ್ಮನಿರಲಿಲ್ಲ. ಊಟದ ಮೇಜಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ಎಲ್ಲಿ ಕೂತರೂ ಟಕಟಕ. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಇದ್ದೊಬ್ಬ ಮಗಳು ಮದುವೆಯಾಗಿ ಕೋರ್ಟಿನಿಂದ ಹತ್ತು ನಿಮಿಷದ ದಾರಿಯಲ್ಲಿ ಸಂಸಾರ ಹೂಡಿದ್ದಳು. ಹೊತ್ತು ಹೋಗದೆ ಪೇಚಾಡುತ್ತಿದ್ದಾಗ, ಔಷಧಿ ಅಂಗಡಿಯ ಮಹಡಿಯ ಮೇಲೆ ಸಂಶೋಧನೆ ಮಾಡುವವರ ಕಚೇರಿಯೊಂದಿದೆ, ಅಲ್ಲಿಗೆ ಟೈಪ್ ಮಾಡುವವರು ಬೇಕಂತೆ ಎಂದು ಹಳೆಯ ಗುಮಾಸ್ತರೊಬ್ಬರು ಹೇಳಿದರು. ಹೋದರು. ಅವತ್ತಿನಿಂದ ಅಲ್ಲಿನವರಿಗೆ ಅವರು ‘ಸ್ಟೆನೋ ಸರ್’. ಮಗಳಿಗೆ ಮಾತ್ರ, “ಏನೋ ಒಂದಿಷ್ಟು ಟೈಪಿಂಗ್ ಕೆಲಸ ಸಿಕ್ಕಿದೆ ಕಣಮ್ಮ” ಎಂದಷ್ಟೇ ಹೇಳಿದರು. ಏನು ಎತ್ತ ಎಂದು ಅವಳೂ ಕೇಳಲಿಲ್ಲ.

ಹೆರಿಗೆಯ ಹೊತ್ತಿನಲ್ಲಿ ತಡವಾಗಿ ಆಸ್ಪತ್ರೆ ಸೇರಿ ಮಗುವನ್ನು ಕಳೆದುಕೊಂಡ ಹೆಂಗಸರ ಬಗೆಗಿನ ಅಧ್ಯಯನ ಅದು. ಕಚೇರಿಯ ಮೇಡಂ ಎರಡು ದಾರಿಗಳನ್ನು ಒಟ್ಟಿಗೆ ಹಿಡಿದಿದ್ದರು. ಮೊದಲು ಮುನ್ನೂರು ಹೆಂಗಸರಿಂದ ಫಾರಂ ತುಂಬಿಸುವುದು. ನೋವು ಎಷ್ಟು ಗಂಟೆಗೆ ಬಂತು, ಆಸ್ಪತ್ರೆ ಎಷ್ಟು ದೂರ, ತಡವಾದದ್ದು ಯಾಕೆ, ಒಂದೊಂದಕ್ಕೂ ಖಾನೆಯಲ್ಲೊಂದು ಗುರುತು. ಆಮೇಲೆ ಅದೇ ಮುನ್ನೂರರಲ್ಲಿ ಮೂವತ್ತು ಜನರ ಮನೆಗೆ ಹೋಗಿ, ಸಾವಕಾಶವಾಗಿ ಕೂತು, ಅವರಾಗಿಯೇ ಆಡುವ ಮಾತನ್ನು ರೆಕಾರ್ಡ್ ಮಾಡಿಕೊಂಡು ಬರುವುದು. ಕೊನೆಗೆ ಅಂಕಿಯನ್ನೂ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡುವುದು.

ಅಂಕಿಯ ಕೆಲಸಕ್ಕೆ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಅವಳಿಗೂ ಸ್ಟೆನೋ ಸರ್‌ಗೂ ದಿನಾ ಒಂದು ಜಟಾಪಟಿ ನಡೆಯದೆ ಚಹಾ ಇಳಿಯುತ್ತಿರಲಿಲ್ಲ.

“ನನ್ನ ಮುನ್ನೂರು ಜನ ಒಂದೇ ಹಾಳೇಲಿ ಕೂರ್ತಾರೆ ಸರ್. ನಿಮ್ಮ ಒಬ್ಬೊಬ್ಬರಿಗೂ ನಲವತ್ತು ಹಾಳೆ ಬೇಕು.”

“ನಿನ್ನವರು ಬಾಯಿ ಬಿಡಲ್ವಲ್ಲಮ್ಮ, ಅದಕ್ಕೇ ಕೂರ್ತಾರೆ.”

ಟೈಪ್ ಮಾಡುವುದರಲ್ಲಿ ಅವರದು ಎತ್ತಿದ ಕೈ. ಕೆಮ್ಮಿದರೆ ಕೆಮ್ಮು, ಬಿಕ್ಕಿದರೆ ಬಿಕ್ಕು. ಸುಮ್ಮನಾದರೆ ಎಷ್ಟು ಸೆಕೆಂಡ್ ಎಂದು ಆವರಣದಲ್ಲಿ ಹಾಕುತ್ತಿದ್ದರು. ಕೋರ್ಟಿನಲ್ಲಿ ಕೊಲೆಯ ಸಾಕ್ಷಿಯನ್ನೂ ಹುಬ್ಬು ಹಾರಿಸದೆ ಬರೆದುಕೊಂಡವರು. ಇಲ್ಲೂ ಕಿವಿಯಿಂದ ಬಂದದ್ದು ಬೆರಳಿಗೆ ಹೋಗುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ರೆಕಾರ್ಡಿಂಗ್‌ಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಪರಿಚಯದ ದನಿ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ ವಾಪಸ್ ಕೊಡಬೇಕು ಎಂಬ ಕಾಗದಕ್ಕೆ ಮೊದಲ ದಿನವೇ ಸಹಿ ಹಾಕಿದ್ದರು.

ಇಪ್ಪತ್ತೇಳನೆಯದು ಶುರುವಾದಾಗ ಬೆಳಗಿನ ಹನ್ನೊಂದು ಗಂಟೆ. ಪ್ರಶ್ನೆ ಕೇಳುವವಳು ತನ್ನ ಪರಿಚಯ ಹೇಳಿಕೊಂಡಳು. ಆ ಕಡೆಯಿಂದ ಒಬ್ಬಳು ಗಂಟಲು ಸರಿಮಾಡಿಕೊಂಡಳು, ಅಷ್ಟೇ. ಸ್ಟೆನೋ ಸರ್‌ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಮೂರನೆಯ ಕ್ಲಾಸಿನಲ್ಲಿ ಪದ್ಯ ಒಪ್ಪಿಸುವ ಮುಂಚೆ ಸರಿಮಾಡಿಕೊಳ್ಳುತ್ತಿದ್ದ ಗಂಟಲು ಅದು.

ಹೆಡ್‌ಫೋನ್ ತೆಗೆಯಬೇಕಿತ್ತು. ತೆಗೆಯಲಿಲ್ಲ.

“ಗಾಡಿ ಸಿಗಲಿಲ್ಲ ಅಂತ ಗುರುತು ಹಾಕಿದ್ದೀರಿ. ಎಷ್ಟು ಹೊತ್ತು ಹುಡುಕಿದ್ರಿ?” ಎಂದು ಪ್ರಶ್ನೆ ಕೇಳುವವಳು ಕೇಳಿದಳು.

ಒಂಬತ್ತು ಸೆಕೆಂಡ್ ಮೌನ. ಆಮೇಲೆ ಮಗಳ ದನಿ: “ಹುಡುಕಲೇ ಇಲ್ಲ.”

“ಮತ್ತೆ?”

“ಮನೆಯವರು ಲಾರಿ ತಗೊಂಡು ಹೋಗಿದ್ರು. ಮಧ್ಯಾಹ್ನ ಎರಡು ಗಂಟೆಗೆ ನೋವು ಬಂತು. ಅಪ್ಪನಿಗೆ ಫೋನ್ ಮಾಡಿದೆ. ಇನ್ನೂ ಮೂರು ವಾರ ಇದೆಯಲ್ಲ, ಸುಳ್ಳುನೋವು ಇರಬೇಕು, ನಿಮ್ಮಮ್ಮನಿಗೂ ಹೀಗೇ ಆಗಿತ್ತು, ಕೆಲಸ ಮುಗಿಸಿ ಬರ್ತೀನಿ, ಅಲ್ಲೀತನಕ ಮಲ್ಕೋ ಅಂದ್ರು. ಮಲ್ಕೊಂಡೆ.”

“ಬೇರೆ ಯಾರನ್ನೂ ಕರೀಲಿಲ್ವಾ?”

“ಅಮ್ಮ ಹೋದಮೇಲೆ ನನಗೆ ಎಲ್ಲಾನೂ ಹೇಳಿಕೊಟ್ಟಿದ್ದು ಅಪ್ಪನೇ. ಅವರು ಹೇಳಿದಮೇಲೆ ಹಾಗೇ ಇರುತ್ತೆ ಅಂದ್ಕೊಂಡೆ. ನಾಲ್ಕು ಗಂಟೆ ಆದಮೇಲೆ ಒಳಗೆ ಒದೆಯೋದು ನಿಂತುಹೋಯ್ತು. ನಿದ್ದೆ ಮಾಡ್ತಿದೆ ಅಂದ್ಕೊಂಡೆ.”

“ಫಾರಂನಲ್ಲಿ ಯಾಕೆ ಹೀಗೆ ಹಾಕಲಿಲ್ಲ?”

“ಇದಕ್ಕೆ ಅದರಲ್ಲಿ ಖಾನೆ ಇರಲಿಲ್ಲ. ಇದ್ದಿದ್ರೂ ಹಾಕ್ತಿರಲಿಲ್ಲ ಬಿಡಿ. ಅಪ್ಪನಿಗೂ ಗಾಡಿ ಸಿಗಲಿಲ್ಲ ಅಂತಾನೇ ಹೇಳಿದ್ದೀನಿ. ನಿಜ ಗೊತ್ತಾದ್ರೆ ಅವರು ಉಳಿಯಲ್ಲ.”

ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ಅವರಿಗೆ ಚೆನ್ನಾಗಿ ನೆನಪಿತ್ತು. ಒಂದು ತೀರ್ಪಿನ ಪ್ರತಿ ಸಂಜೆಯೊಳಗೆ ಸಿದ್ಧವಾಗಬೇಕಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಟೈಪ್ ಮಾಡುತ್ತಲೇ ಮಾತಾಡಿದ್ದರು. ಅವರ ಹಳೇ ಕಾರು ಕೋರ್ಟಿನ ಅಂಗಳದಲ್ಲೇ ನಿಂತಿತ್ತು. ಆರು ಗಂಟೆಗೆ ಹೋಗಿ ನೋಡಿದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಆಸ್ಪತ್ರೆಯಲ್ಲಿ, “ನೀವು ಫೋನ್ ಇಟ್ಟಮೇಲೆ ನೋವು ಜಾಸ್ತಿ ಆಯ್ತು ಅಪ್ಪ. ಕೆಲಸದಲ್ಲಿದ್ದೀರಿ ಅಂತ ನಾನೇ ಗಾಡಿಗೆ ಎಷ್ಟು ಒದ್ದಾಡಿದೆ, ಸಿಗಲಿಲ್ಲ” ಎಂದಿದ್ದಳು. ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಊರಿನ ಬಾಡಿಗೆ ಗಾಡಿಯವರ ಮೇಲೆಲ್ಲ ಹಲ್ಲು ಕಡಿದರು. ಎರಡು ವರ್ಷ ಒಂದು ಬಾಡಿಗೆ ಗಾಡಿಯನ್ನೂ ಹತ್ತಲಿಲ್ಲ. ನಿಲ್ದಾಣದ ಮುಂದೆ ಹೋಗುವಾಗ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದರು.

ಇಪ್ಪತ್ತೇಳನೆಯದನ್ನು ಅವರು ಪೂರ್ತಿ ಟೈಪ್ ಮಾಡಿದರು. ಒಂದು ಅಕ್ಷರ ತಪ್ಪಲಿಲ್ಲ. ಮುಗಿಸಿ ಹಿಂದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು.

ಮುಂದಿನ ವಾರ ಅಂಕಿಯ ಹುಡುಗಿ ಕೈಚೆಲ್ಲಿ ಕೂತಿದ್ದಳು. ಮುನ್ನೂರರಲ್ಲಿ ನೂರಹದಿನೆಂಟು ಜನ ಗಾಡಿ ಸಿಗಲಿಲ್ಲ ಎಂದು ಗುರುತು ಹಾಕಿದ್ದರು. ಹೆಚ್ಚು ಆಂಬುಲೆನ್ಸ್ ಬೇಕು ಎಂದು ವರದಿ ಬರೆಯಲು ಮೇಡಂ ಸಿದ್ಧವಾಗಿದ್ದರು. ಆದರೆ ಮಾತು ರೆಕಾರ್ಡ್ ಮಾಡಿದ ಮೂವತ್ತು ಜನರಲ್ಲಿ ಆ ಗುರುತು ಹಾಕಿದ್ದವರು ಹತ್ತೊಂಬತ್ತು ಮಂದಿ. ಅದರಲ್ಲಿ ಹನ್ನೊಂದು ಜನ ಗಾಡಿಯನ್ನು ಹುಡುಕಿಯೇ ಇರಲಿಲ್ಲ. ಗಂಡನೋ ಅತ್ತೆಯೋ ಇನ್ಯಾರೋ ಕಾಯುತ್ತಿರು ಎಂದಿದ್ದರು, ಇವರು ಕಾದಿದ್ದರು. ಮೇಡಂ ಹೊಸದೊಂದು ಖಾನೆ ಮಾಡಿಸಿದರು: ‘ಮನೆಯವರು ಕಾಯಲು ಹೇಳಿದರು.’

“ಸರ್, ಇಪ್ಪತ್ತೇಳು ಎಲ್ಲಿ ಹಾಕಲಿ?” ಹುಡುಗಿ ಕೇಳಿದಳು. “ಬೈದು ಬೈಸಿಕೊಂಡಿದ್ದೇನೂ ಇಲ್ಲ. ಮಲ್ಕೋ ಅಂದ್ರಂತೆ, ಅಷ್ಟೇ. ಪಾಪ, ಆ ಅಪ್ಪ ಬೇಕಂತ ಅಂದಿರಲ್ಲ. ಹಳೇ ಖಾನೇಲೇ ಬಿಟ್ಟುಬಿಡ್ಲಾ?”

“ಬೇಡಮ್ಮ. ಹೊಸದಕ್ಕೆ ಹಾಕು,” ಎಂದರು ಸ್ಟೆನೋ ಸರ್. “ಆ ಅಪ್ಪ ನಾನೇ.”

ಒಳಗಿನ ಕೋಣೆಯಿಂದ ಮೇಡಂ ಎದ್ದು ಬಂದರು. ಬಾಗಿಲು ಮುಂದೆ ಮಾಡಿ ಕುರ್ಚಿ ಎಳೆದುಕೊಂಡು ಅವರೆದುರು ಕೂತರು.

“ಗೊತ್ತಾದ ತಕ್ಷಣ ನಿಲ್ಲಿಸಬೇಕಿತ್ತು ಸರ್.”

“ಹೌದು ಮೇಡಂ. ತಪ್ಪು ನನ್ನದೇ.”

“ನೀವು ಕೇಳಿಸಿಕೊಂಡಿದ್ದೀರಿ ಅನ್ನೋದು ನಿಮ್ಮ ಮಗಳಿಗೆ ಯಾವತ್ತೂ ಗೊತ್ತಾಗಬಾರದು. ಹೆಸರು ಹೊರಗೆ ಹೋಗಲ್ಲ ಅಂತ ಮಾತು ಕೊಟ್ಟು ಕೇಳಿದ್ದೀವಿ. ಆ ಮಾತು ನೀವೂ ಉಳಿಸಿಕೊಡಬೇಕು.”

ಅವರು ತಲೆಯಾಡಿಸಿದರು. ಹೆಡ್‌ಫೋನನ್ನು ಸುತ್ತಿ ಮೇಜಿನ ಮೇಲಿಟ್ಟು ಕೆಲಸ ಬಿಟ್ಟು ಬಂದರು. ಹುಡುಗಿ ಮೆಟ್ಟಿಲ ತನಕ ಬಂದು ವಾಪಸ್ಸಾದಳು.

ಭಾನುವಾರ ಮಗಳ ಮನೆಗೆ ಹೋದರು. ಅಳಿಯ ಊರಲ್ಲಿರಲಿಲ್ಲ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಇವರೂ ಒಂದು ದುಪ್ಪಟಿಯ ತುದಿ ಹಿಡಿದುಕೊಂಡರು.

“ಅವತ್ತು ನೀನು ಫೋನ್ ಮಾಡಿದಾಗಲೇ ನಾನು ಎದ್ದು ಬರಬೇಕಿತ್ತು ಕಣಮ್ಮ,” ಎಂದರು. “ಆ ತೀರ್ಪು ಮಾರನೇ ದಿನ ಟೈಪ್ ಆಗಿದ್ರೂ ಯಾರ ಗಂಟೂ ಹೋಗ್ತಿರಲಿಲ್ಲ. ಮಲ್ಕೋ ಅಂದವನು ನಾನು.”

ಮಗಳು ದುಪ್ಪಟಿಯನ್ನು ಇನ್ನೊಂದು ಮಡಿಕೆ ಮಡಿಸಿ ಅವರ ಕೈಯಿಂದ ಆ ತುದಿಯನ್ನೂ ತೆಗೆದುಕೊಂಡಳು.

“ಅದೆಲ್ಲ ಯಾಕಪ್ಪ ಈಗ? ಗಾಡಿ ಸಿಗಲಿಲ್ಲ, ಅದಕ್ಕೆ ನೀವೇನು ಮಾಡ್ತೀರಿ?”

ಅವಳ ಕಣ್ಣು ಬಟ್ಟೆಯ ಮೇಲೇ ಇತ್ತು. ಅವರು ಬಾಯಿ ತೆರೆದರು. ಕೊಟ್ಟ ಮಾತು ಅಡ್ಡ ಬಂತು. ತಮ್ಮನ್ನು ಉಳಿಸಲೆಂದೇ ಮಗಳು ಹೇಳುತ್ತಿರುವ ಸುಳ್ಳನ್ನು, ತಮಗೆ ಗೊತ್ತೆಂದು ತೋರಿಸಿಕೊಳ್ಳದೆ, ಎರಡನೆಯ ಸಲ ನುಂಗಿಕೊಂಡರು.

“ಹೂಂ,” ಎಂದರು.

ಮರುವರ್ಷ ಅವಳು ಮತ್ತೆ ಬಸುರಿಯಾದಳು. ಏಳನೆಯ ತಿಂಗಳಲ್ಲೇ ಸ್ಟೆನೋ ಸರ್ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ, ಟ್ಯಾಂಕ್ ತುಂಬಿಸಿ, ತಮ್ಮ ಮನೆಯೆದುರು ರಸ್ತೆಗೆ ಮುಖಮಾಡಿ ನಿಲ್ಲಿಸಿದರು. ಸ್ನಾನಕ್ಕೆ ಹೋಗುವಾಗ ಫೋನನ್ನು ಬಚ್ಚಲ ಕಿಟಕಿಯ ಮೇಲಿಟ್ಟುಕೊಳ್ಳುತ್ತಿದ್ದರು. ಎಲ್ಲಿಗೆ ಕರೆದರೂ ಹೋಗಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಎತ್ತಿದರು. ಮಾತಾಡಿದವನು ಅಳಿಯ.

“ಹೆಣ್ಣು ಮಗು ಮಾವ. ಇಬ್ಬರೂ ಚೆನ್ನಾಗಿದ್ದಾರೆ. ನಾನೂ ಈಗ ತಾನೇ ಬಂದೆ. ಬೆಳಿಗ್ಗೆ ಸ್ವಲ್ಪ ನೋವು ಅನ್ನಿಸಿದ್ದೇ ತಡ, ಯಾರಿಗೂ ಹೇಳದೆ ಒಬ್ಬಳೇ ಬಂದು ಸೇರಿಕೊಂಡಿದ್ದಾಳೆ.”

ಆಸ್ಪತ್ರೆಯಲ್ಲಿ ಮಗಳು ಮಗುವನ್ನು ತಾನೇ ಅವರ ತೊಡೆಯ ಮೇಲೆ ಮಲಗಿಸಿದಳು. “ನಿಮಗೆ ಮೊದಲೇ ಹೇಳೋಣ ಅಂತಿದ್ದೆ ಅಪ್ಪ...” ಎಂದು ಶುರುಮಾಡಿ ತಡವರಿಸಿದಳು.

“ಇಲ್ಲಮ್ಮ, ಒಳ್ಳೇದೇ ಮಾಡಿದೆ,” ಎಂದರು ಅವರು. ಮಗುವಿನ ಮುಖ ನೋಡಲೆಂಬಂತೆ ತಲೆ ಬಗ್ಗಿಸಿದವರು ಬಹಳ ಹೊತ್ತು ಎತ್ತಲೇ ಇಲ್ಲ.