ಮೂರು ಊರು, ಒಂದು ವೋಟು

ನಮ್ಮ ಸೆಕ್ಷನ್ನಿನಲ್ಲಿ ದೇವಕಿಯವರ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇತ್ತು. ದೆಹಲಿಯ ಆ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತೆಯಾಗಿದ್ದ ಅವರಿಗೆ ಫೈಲಿನಲ್ಲಿ ಒಂದು ತಾರೀಖು ತಪ್ಪಿದರೂ ಊಟ ಸೇರುತ್ತಿರಲಿಲ್ಲ. ಚುನಾವಣೆ ಬಂದಾಗ ನಾವೆಲ್ಲ ಡಾಕ್ಟರ ಚೀಟಿ ತಂದು ಮತಗಟ್ಟೆಯ ಡ್ಯೂಟಿ ತಪ್ಪಿಸಿಕೊಂಡರೆ, ಅವರು ಕೈಪಿಡಿಯನ್ನು ಸಾಲು ಸಾಲಾಗಿ ಓದಿಕೊಂಡು ಹೋಗುತ್ತಿದ್ದರು. ಅಂಥವರು ತಮ್ಮದೊಂದು ವೋಟಿಗಾಗಿ ವರ್ಷವಿಡೀ ಪಟ್ಟ ಪಾಡನ್ನು ನಾನು ಮಧ್ಯಾಹ್ನದ ಊಟದ ಡಬ್ಬಿಯ ಮುಂದೆ ಕಂತು ಕಂತಾಗಿ ಕೇಳಿದೆ.

ಶುರುವಾದದ್ದು 2008ರ ಮೇ ತಿಂಗಳಲ್ಲಿ. ಕರ್ನಾಟಕದ ವಿಧಾನಸಭೆಗೆ ಮತದಾನ ಮುಗಿದ ಸಂಜೆ ತುಮಕೂರಿನಿಂದ ಮೈದುನ ಅನಂತರಾಮ ಫೋನ್ ಮಾಡಿದ.

"ಅತ್ತಿಗೆ, ನಿಮ್ಮಿಬ್ಬರ ವೋಟೂ ಬಿತ್ತು. ವೇಸ್ಟ್ ಆಗೋಕೆ ಬಿಡಲಿಲ್ಲ."

"ಬಿತ್ತಾ? ನಾನು ಇಲ್ಲಿ ಕೂತು ಹುರುಳಿಕಾಯಿ ಹೆಚ್ಚುತಾ ಇದೀನಲ್ಲೋ!"

"ನಮ್ಮೋರೇ ಯಾರೋ ಹಾಕಿದ್ರು ಬಿಡಿ. ಲಿಸ್ಟಲ್ಲಿ ಹೆಸರಿತ್ತಲ್ಲ."

ತುಮಕೂರಿನ ಮನೆಯಲ್ಲಿ ಮಹಡಿಯ ಭಾಗ ದೇವಕಿಯವರ ಗಂಡ ದಕ್ಷಿಣಾಮೂರ್ತಿಯವರದು. ನಾಲ್ಕು ವರ್ಷ ಹಿಂದೆ ಅಣ್ಣ ತಮ್ಮ ಸೇರಿ ದೇವಕಿಯವರ ಹೆಸರನ್ನೂ ಅಲ್ಲಿನ ಮತದಾರರ ಪಟ್ಟಿಗೆ ಸೇರಿಸಿಬಿಟ್ಟಿದ್ದರು, ಇವರನ್ನು ಒಂದು ಮಾತೂ ಕೇಳದೆ. ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ ದೆಹಲಿಯ ರೋಹಿಣಿ ಬಡಾವಣೆಯ ಪಟ್ಟಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇನ್ನೂ ಇತ್ತು. ಹಿಂದಿನ ವರ್ಷ ದೆಹಲಿಯ ಗಡಿಗೆ ಅಂಟಿಕೊಂಡ ಉತ್ತರ ಪ್ರದೇಶದ ಘಾಜಿಯಾಬಾದಿನಲ್ಲಿ ಸ್ವಂತ ಫ್ಲ್ಯಾಟ್ ಕೊಂಡು ಬಂದಿದ್ದರು. ನಿಜವಾಗಿ ವಾಸವಿದ್ದ ಆ ಊರಿನ ಪಟ್ಟಿಯಲ್ಲಿ ಮಾತ್ರ ಅವರಿರಲಿಲ್ಲ.

ಫೋನಿಟ್ಟವರೇ ಗಂಡನ ಮುಂದೆ ಹೋಗಿ ನಿಂತರು. "ಮತಗಟ್ಟೇಲಿ ಕೂತು ಇಂಥ ಕಳ್ಳರನ್ನ ಹಿಡಿದು ಹೊರಗೆ ಕಳಿಸಿದವಳು ನಾನು. ಈಗ ನನ್ನ ಹೆಸರಲ್ಲೇ ಕಳ್ಳವೋಟು!"

ನಿವೃತ್ತರಾಗಿದ್ದ ದಕ್ಷಿಣಾಮೂರ್ತಿ ಪೇಪರಿನಿಂದ ತಲೆ ಎತ್ತಲಿಲ್ಲ. "ಮನೆ ಇರೋ ಕಡೆ ಹೆಸರಿದ್ರೆ ತಪ್ಪೇನು? ತೆರಿಗೆ ಕಟ್ಟಲ್ವಾ?"

"ಮನೆ ಸ್ವಂತದ್ದು ಅಂದ ಮಾತ್ರಕ್ಕೆ ಅಲ್ಲಿ ಮತದಾರ ಆಗಲ್ಲ ರೀ. ಎಲ್ಲಿ ವಾಸವೋ ಅಲ್ಲಿ, ಅದೂ ಒಂದೇ ಕಡೆ. ಸುಳ್ಳು ಬರೆದುಕೊಟ್ಟರೆ ಜೈಲಿದೆ."

"ದೇಶದಲ್ಲಿ ಅರ್ಧ ಜನ ಜೈಲಿಗೆ ಹೋಗಬೇಕಾಗುತ್ತೆ ಹಾಗಾದ್ರೆ," ಎಂದು ಅವರು ಪುಟ ತಿರುವಿದರು.

ಮರುವಾರವೇ ದೇವಕಿ ಘಾಜಿಯಾಬಾದಿನ ಚುನಾವಣಾ ಕಚೇರಿಯಲ್ಲಿ ಹೆಸರು ಸೇರಿಸುವ ಅರ್ಜಿ ಹಿಡಿದು ನಿಂತರು. ಬೇರೆ ಎರಡು ಕಡೆ ಹೆಸರಿದೆ ಎಂಬುದನ್ನು ಮುಚ್ಚಿಡದೆ ಬರೆದಿದ್ದರು. ಕಿಟಕಿಯ ಹಿಂದಿದ್ದವನು ಅದನ್ನೋದಿ ಅರ್ಜಿಯನ್ನು ಹಿಂದಕ್ಕೆ ತಳ್ಳಿದ. "ಮೇಡಂಜೀ, ಪೆಹಲೇ ಉಧರ್ ಸೇ ನಾಮ್ ಕಟ್‌ವಾಯಿಯೇ." ಮೊದಲು ಅಲ್ಲಿಂದ ಹೆಸರು ತೆಗೆಸಿಕೊಂಡು, ತೆಗೆದದ್ದಕ್ಕೆ ಕಾಗದ ತರಬೇಕಂತೆ. ಪಕ್ಕದಲ್ಲಿದ್ದವನು ದನಿ ತಗ್ಗಿಸಿ ಉಪಾಯ ಹೇಳಿದ. ಆ ಜಾಗದಲ್ಲಿ ಏನೂ ಬರೆಯದೆ ಖಾಲಿ ಬಿಟ್ಟಿದ್ದರೆ ಇವತ್ತೇ ಕೆಲಸವಾಗುತ್ತಿತ್ತು!

"ನಿಜ ಬರೆದದ್ದೇ ನನ್ನ ತಪ್ಪಾಯ್ತು ನೋಡಿ," ಎಂದು ಮರುದಿನ ಅವರು ನನ್ನ ಮುಂದೆ ಚಪಾತಿ ಹರಿದ ರೀತಿಗೆ ನನಗೇ ಭಯವಾಯಿತು.

ರೋಹಿಣಿಯಲ್ಲೂ ತುಮಕೂರಿನಲ್ಲೂ ದೇವಕಿಯವರ ಹೆಸರು ತೆಗೆಯಲು ಅರ್ಜಿ ಹೋಯಿತು. ಎರಡು ತಿಂಗಳಾದರೂ ರೋಹಿಣಿಯಿಂದ ಸುದ್ದಿಯಿಲ್ಲ. ವಿಚಾರಿಸಲು ಹೋದರೆ, ಅರ್ಜಿ ತಿರಸ್ಕೃತ! ಸ್ಥಳ ಪರಿಶೀಲನೆಗೆ ಹೋದಾಗ ಅರ್ಜಿದಾರರು ಅದೇ ವಿಳಾಸದಲ್ಲಿ ವಾಸವಿರುವುದು ಖಚಿತವಾಗಿದೆ ಎಂದು ಬರೆದಿತ್ತು. ಅಲ್ಲಿಂದ ನೇರ ಹಳೆಯ ಮನೆಗೆ ನಡೆದರು. ಮನೆಯೊಡತಿ ಶಾಂತಮ್ಮ ಹಾಸನದ ಕಡೆಯವರು, ಎಪ್ಪತ್ತು ದಾಟಿದವರು. ಬಾಗಿಲು ತೆಗೆದವರೇ ದೇವಕಿಯ ಕೈ ಹಿಡಿದುಕೊಂಡರು.

"ಬಾರೇ, ನಿನಗೇ ಫೋನ್ ಮಾಡಬೇಕು ಅಂತಿದ್ದೆ. ಯಾರೋ ಪಾಪಿಗಳು ಲಿಸ್ಟಿಂದ ನಿನ್ನ ಹೆಸರು ಹೊಡೆದು ಹಾಕೋಕೆ ಬಂದಿದ್ರು. ಇಲ್ಲೇ ಇದಾರೆ, ಆಫೀಸಿಗೆ ಹೋಗಿದಾರೆ ಅಂತ ಹೇಳಿ ನಾನೇ ಓಡಿಸಿದೆ."

ಕೊಟ್ಟ ಕಾಫಿ ಕುಡಿದು, ಆ ಪಾಪಿ ತಾನೇ ಎಂದು ದೇವಕಿ ಮೂರು ಸಲ ಬಿಡಿಸಿ ಹೇಳಿದರು. "ಇನ್ನು ಮೇಲೆ ಯಾರೇ ಬಂದು ಕೇಳಿದರೂ ನಾವು ಇಲ್ಲಿಲ್ಲ ಅನ್ನಿ ಶಾಂತಮ್ಮ, ಕೈ ಮುಗೀತೀನಿ." ಮತ್ತೆ ಹೊಸ ಅರ್ಜಿ ಬರೆದುಕೊಟ್ಟು ಮೆಟ್ರೋ ಹತ್ತಿ, ಕೊನೆಯ ನಿಲ್ದಾಣದಿಂದ ಶೇರ್ ಆಟೋದಲ್ಲಿ ಮನೆ ಸೇರುವ ಹೊತ್ತಿಗೆ ಕಾಲು ಊದಿಕೊಂಡಿತ್ತು.

ಅಷ್ಟರಲ್ಲಿ ತುಮಕೂರಿನ ನೋಟಿಸು ಅನಂತರಾಮನ ಕೈ ಸೇರಿತ್ತು.

"ಅತ್ತಿಗೆ, ಹೆಸರು ತೆಗೆಸೋದು ಅಂದ್ರೆ ಮನೆ ಸಂಬಂಧಾನೇ ಕಳಚಿಕೊಂಡ ಹಾಗೆ. ಊರಲ್ಲಿ ಜನ ಏನಂತಾರೆ?"

"ಮನೆ ಕಾಗದ ರಿಜಿಸ್ಟ್ರಾರ್ ಹತ್ರ ಇದೆ ಕಣೋ. ವೋಟರ್ ಲಿಸ್ಟು ಆಸ್ತಿಪತ್ರ ಅಲ್ಲ!"

ಅವನಿಗೆ ಅರ್ಥವಾಗಲಿಲ್ಲ, ಗಂಡನಿಗೆ ಅರ್ಥಮಾಡಿಕೊಳ್ಳುವ ಮನಸ್ಸಿರಲಿಲ್ಲ. ಹದಿನೈದು ದಿನ ದಕ್ಷಿಣಾಮೂರ್ತಿ ಹೆಂಡತಿಯ ಜೊತೆ ಮಗಳು ಧನ್ಯಾಳ ಮೂಲಕವೇ ಮಾತಾಡಿದರು. ದೆಹಲಿಯಲ್ಲೇ ಬೆಳೆದ ಆ ಹುಡುಗಿ ಸಾಕಾಗಿ ಒಂದು ದಿನ ಸಿಡಿದಳು. "ಅಪ್ಪಾ, ಇನಫ್. ಅಮ್ಮ ಸಹೀ ಬೋಲ್ ರಹೀ ಹೈ, ಅವಳು ಹೇಳೋದೇ ಸರಿ. ಒಂದು ಮನುಷ್ಯ, ಒಂದು ವೋಟ್. ಇಷ್ಟು ಸಿಂಪಲ್ ವಿಷಯಕ್ಕೆ ಇಷ್ಟು ಡ್ರಾಮಾ ಯಾಕೆ?"

ದಕ್ಷಿಣಾಮೂರ್ತಿ ಮಾತ್ರ ತಮ್ಮ ಹೆಸರನ್ನು ಎಲ್ಲಿಂದಲೂ ತೆಗೆಸಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಎರಡೂ ಕಡೆಯಿಂದ ಹೆಸರು ತೆಗೆದ ಕಾಗದ ದೇವಕಿಯವರ ಕೈಗೆ ಬಂತು, ಅವನ್ನು ಲಗತ್ತಿಸಿ ಘಾಜಿಯಾಬಾದಿನಲ್ಲಿ ಮತ್ತೆ ಅರ್ಜಿ ಕೊಟ್ಟರು. 2009ರ ಏಪ್ರಿಲ್ ಮೊದಲ ವಾರ ಘಾಜಿಯಾಬಾದಿನ ಪೂರಕ ಪಟ್ಟಿಯಲ್ಲಿ ಹೆಸರು ಕಾಣಿಸಿತು. ಆ ದಿನ ಅವರು ಸೆಕ್ಷನ್ನಿಗೆಲ್ಲ ಬರ್ಫಿ ಹಂಚಿದರು. ಮುಂದಿನ ವಾರ ಬಂದದ್ದು ಡ್ಯೂಟಿ ಆದೇಶ. ಮೇ ಏಳರ ಲೋಕಸಭಾ ಮತದಾನಕ್ಕೆ ದೆಹಲಿಯ ಒಂದು ಶಾಲೆಯಲ್ಲಿ ಕೆಲಸ. ಘಾಜಿಯಾಬಾದಿನ ಮತದಾನವೂ ಅದೇ ದಿನ.

ಆದೇಶವನ್ನು ನನ್ನ ಮೇಜಿನ ಮೇಲಿಟ್ಟು ಅವರು ಹಣೆ ಒತ್ತಿಕೊಂಡರು. ಕಣ್ಣಲ್ಲಿ ನೀರಿತ್ತು. ಅಷ್ಟು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಈ ಸಲ ನೀವೂ ಡಾಕ್ಟರ ಚೀಟಿ ತನ್ನಿ," ಎಂದೆ.

"ಸುಳ್ಳು ಚೀಟಿ ತಂದು ನಿಜವಾದ ವೋಟು ಹಾಕಲಾ?" ಎಂದು ನನ್ನನ್ನು ದುರುಗುಟ್ಟಿ ನೋಡಿ, ಡ್ರಾಯರಿನಿಂದ ಕೈಪಿಡಿ ತೆಗೆದರು. ಡ್ಯೂಟಿಯಲ್ಲಿರುವವರು ಅಂಚೆ ಮತಪತ್ರ ಕೇಳಬಹುದು. ಸಂಜೆಯೊಳಗೆ ಅರ್ಜಿ ತಯಾರಾಗಿತ್ತು, ಆದೇಶದ ಪ್ರತಿ ಸಮೇತ.

ಮೇ ಏಳರಂದು ಅವರು ಬೆಳಗಿನಿಂದ ಶಾಲೆಯ ಬೆಂಚಿನ ಮೇಲೆ ಕೂತು ಮುಗಿಯದ ಸಾಲಿನ ಹೆಸರುಗಳಿಗೆ ಗುರುತು ಹಾಕುತ್ತಿದ್ದಾಗ, ದಕ್ಷಿಣಾಮೂರ್ತಿ ಇಸ್ತ್ರಿ ಮಾಡಿದ ಷರಟು ತೊಟ್ಟು ರೋಹಿಣಿಗೆ ಹೋದರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಚಳಿಗಾಲದ ಪರಿಶೀಲನೆಯಲ್ಲಿ ಶಾಂತಮ್ಮ, ಹೇಳಿಕೊಟ್ಟ ಪಾಠ ಮರೆಯದೆ, ಗಂಡ ಹೆಂಡತಿ ಇಬ್ಬರೂ ಮನೆ ಬಿಟ್ಟಿದ್ದಾರೆ ಎಂದು ನಿಜವನ್ನೇ ಹೇಳಿದ್ದರು. ತುಮಕೂರಿನಲ್ಲಿ ಹೆಸರೇನೋ ಇತ್ತು, ಆದರೆ ಅಲ್ಲಿ ಮತದಾನ ಏಪ್ರಿಲ್‌ನಲ್ಲೇ ಮುಗಿದಿತ್ತು. ಬಿಸಿಲಲ್ಲಿ ವಾಪಸು ಬಂದವರು ಹೆಂಡತಿ ಮನೆಗೆ ಬರುವವರೆಗೂ ಫ್ಯಾನಿನ ಕೆಳಗೆ ಕೂತೇ ಇದ್ದರು.

ಎಣಿಕೆಗೆ ಮೂರು ದಿನ ಉಳಿದಿರುವಾಗ ದೇವಕಿಯವರ ಮತಪತ್ರ ಅಂಚೆಯಲ್ಲಿ ಬಂತು. ನಮ್ಮ ಅಧಿಕಾರಿಯ ಎದುರು ಘೋಷಣೆಗೆ ಸಹಿ ಹಾಕಿ ದೃಢೀಕರಣ ಮಾಡಿಸಿಕೊಂಡರು. ಆಮೇಲೆ ಕಪಾಟಿನ ಮರೆಗೆ ಹೋಗಿ ಗುರುತು ಹಾಕಿ, ಲಕೋಟೆಯ ಅಂಟು ಸರಿಯಾಗಿ ಹಿಡಿದಿದೆಯೇ ಎಂದು ನಾಲ್ಕು ಸಲ ನೋಡಿದರು. ಅಂಚೆಯನ್ನು ನಂಬದೆ ಅರ್ಧ ದಿನ ರಜೆ ಹಾಕಿ ತಾವೇ ಘಾಜಿಯಾಬಾದಿನ ಚುನಾವಣಾ ಕಚೇರಿಗೆ ಹೋಗಿ ಲಕೋಟೆ ಕೊಟ್ಟು ಬಂದರು.

ಮರುದಿನ ಊಟದ ಹೊತ್ತಿಗೆ ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ. ಡಬ್ಬಿ ತೆರೆದರು, ಮತ್ತೆ ಅದೇ ಸಿಡುಕು.

"ನಿನ್ನೆ ಯಜಮಾನ್ರು ತಾವೇ ಫಾರಂ ಕೇಳಿದ್ರು, ಘಾಜಿಯಾಬಾದಲ್ಲಿ ಹೆಸರು ಸೇರಿಸೋಕೆ. ಕೊಟ್ಟೆ. ವಾಸದ ವಿಳಾಸ ಅನ್ನೋ ಜಾಗದಲ್ಲಿ ಏನು ಬರೆದಿದಾರೆ ಗೊತ್ತಾ? ತುಮಕೂರು!"

ಹರಿದು ಹಾಕಿ, ಇನ್ನೊಂದು ಫಾರಂ ಕೊಟ್ಟು ಬಂದಿದ್ದರಂತೆ.