ಗೆದ್ದ ಹುಡುಗಿಯನ್ನು ಸೋಲಿಸಿದವರು

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ಬೈಂದೂರು ಪೇಟೆಯಿಂದ ಕಡಲ ಕಡೆ ಇಳಿದರೆ ನಮ್ಮ ಮನೆ. ಮಗ ಬೋಟಿಗೆ ಹೋಗುತ್ತಾನೆ, ನಾನು ಬುಟ್ಟಿ ಹೊತ್ತು ಮೀನು ಮಾರುತ್ತೇನೆ. ಮಗನ ಮಗಳು, ಹದಿನೇಳರ ಹುಡುಗಿ, ಬಾಕ್ಸಿಂಗ್ ಆಡುತ್ತಿದ್ದಳು. ಅದನ್ನು ಆಟ ಎನ್ನುತ್ತಾರೆ. ಗುದ್ದುವುದು ಆಟವಾದರೆ ನನ್ನ ಗಂಡ ದೊಡ್ಡ ಆಟಗಾರನಾಗಿದ್ದ.

ಹುಡುಗಿಗೆ ಕೈ ಉದ್ದ, ಮೈಯಲ್ಲಿ ಮಾಂಸ ಕಡಿಮೆ. ಕಲಿಸುವ ಮಾಸ್ತರರು ಕುಂದಾಪುರದವರು. ಅವರು ಮೊದಲೇ ಹೇಳಿದ್ದರು, ನೀನು ಹತ್ತಿರ ನಿಂತು ಹೊಡೆದಾಡುವವಳಲ್ಲ, ಎದುರಿನವಳು ನುಗ್ಗಿ ಬಂದಾಗ ಒಂದು ಹೆಜ್ಜೆ ಹಿಂದೆ ಸರಿ, ಅವಳ ಕೈ ಗಾಳಿಗೆ ಹೋಗುತ್ತದೆ, ಆಗ ನಿನ್ನ ಕೈ ಅವಳ ಮುಖಕ್ಕೆ ಹೋಗಲಿ ಎಂದು. ಎರಡು ವರ್ಷ ಅವಳು ಕಲಿತದ್ದು ಇದನ್ನೇ. ಅಂಗಳದಲ್ಲಿ ಹಿಂದೆ ಹಿಂದೆ ಹೋಗಿ ಹೋಗಿ ನನ್ನ ಒಣಮೀನಿನ ಚಾಪೆ ತುಳಿದು ಬೈಸಿಕೊಂಡಿದ್ದಾಳೆ.

ಅವಳು ನಾಲ್ಕು ಕಡೆ ಗೆದ್ದದ್ದೇ ತಡ, ಊರಲ್ಲಿ ಬಾಕ್ಸಿಂಗ್ ಬಲ್ಲವರು ಹುಟ್ಟಿಕೊಂಡರು. ಮಳೆ ಬಿದ್ದ ಮರುದಿನ ಅಣಬೆ ಏಳುವುದಿಲ್ಲವೇ, ಹಾಗೆ. ಅಣಬೆಯನ್ನಾದರೂ ಪಲ್ಯ ಮಾಡಬಹುದು. ಇವರೆಲ್ಲ ಅಲ್ಲಿಯವರೆಗೆ ಕೋಳಿ ಅಂಕದ ಜನ. ಹುಂಜದ ಕಾಲಿಗೆ ಕತ್ತಿ ಕಟ್ಟಿ ಬಿಡುವುದು, ಸುತ್ತ ನಿಂತು ಬೊಬ್ಬೆ ಹೊಡೆಯುವುದು, ಪೊಲೀಸರ ಜೀಪು ಕಂಡರೆ ಗದ್ದೆಯ ಅಂಚಿನಲ್ಲಿ ಲುಂಗಿ ಎತ್ತಿ ಓಡುವುದು. ಅಂಕದಲ್ಲಿ ತೀರ್ಪಿಗೆ ತಲೆ ಬೇಡ. ಬೆನ್ನು ತಿರುಗಿಸಿ ಓಡಿದ ಕೋಳಿ ಸೋತಿತು, ಗೆದ್ದವನು ಅದನ್ನೂ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಿ ಸಾರು ಮಾಡಿದ. ಇವರ ಬುರುಡೆಯಲ್ಲಿ ಇದ್ದದ್ದು ಇದೊಂದೇ ಕಾನೂನು. ಅದನ್ನೇ ತೆಗೆದುಕೊಂಡು ಬಾಕ್ಸಿಂಗಿಗೆ ಹೊರಟರು.

ಇವರಲ್ಲಿ ದೊಡ್ಡ ಬಾಯಿ ಎರಡು. ಒಬ್ಬ ಮುಂಬೈಯಲ್ಲಿ ಬಹಳ ವರ್ಷ ಕ್ಯಾಂಟೀನಿನಲ್ಲಿದ್ದು ವಾಪಸು ಬಂದವ. ಇನ್ನೊಬ್ಬ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವ, ಕೋಳಿಗೆ ಕತ್ತಿ ಕಟ್ಟುವುದರಲ್ಲಿ ಹೆಸರು ಮಾಡಿದವ. ಬ್ರಹ್ಮಾವರದಲ್ಲಿ ಜಿಲ್ಲೆಯ ಆಯ್ಕೆ ಎಂದಾಗ ಇಬ್ಬರೂ ಸೇರಿ ಟೆಂಪೊ ಮಾಡಿಸಿದರು. ಹುಡುಗಿಯ ಫೋಟೊ ಹಾಕಿ ಬ್ಯಾನರ್ ಕಟ್ಟಿದರು. ಬ್ಯಾನರಿನಲ್ಲಿ ಅವಳ ಮುಖಕ್ಕಿಂತ ಇವರ ಮುಖಗಳೇ ದೊಡ್ಡವಾಗಿದ್ದವು. ಮಗನೂ ಹೊರಟ, ನಾನೂ ಹತ್ತಿದೆ. ಗೆದ್ದವಳಿಗೆ ಮರುದಿನದಿಂದಲೇ ಶಿಬಿರ, ಅಲ್ಲಿಂದ ರಾಜ್ಯದ ಪಂದ್ಯ. ಹುಡುಗಿ ವಾರದಿಂದ ಸರಿಯಾಗಿ ಉಂಡಿರಲಿಲ್ಲ.

ಪಂದ್ಯ ನಡೆದದ್ದು ಮದುವೆ ಹಾಲಿನಲ್ಲಿ. ಹಗ್ಗ ಕಟ್ಟಿದ ಕಣ, ಅದರ ಸುತ್ತ ಬೇರೆ ಬೇರೆ ಕಡೆ ಮೇಜು ಹಾಕಿಕೊಂಡು ಐದು ಜನ ತೀರ್ಪುಗಾರರು. ಒಬ್ಬರು ಇನ್ನೊಬ್ಬರ ಮುಖ ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಮೂರು ಸುತ್ತು. ಪ್ರತಿ ಸುತ್ತಿಗೂ ಮೇಲಾದವಳಿಗೆ ಹತ್ತು, ಕೆಳಗಾದವಳಿಗೆ ಒಂಬತ್ತು. ಗ್ಲೌಸಿನ ಮುಂಭಾಗ ಮುಖಕ್ಕೋ ಹೊಟ್ಟೆಗೋ ಸರಿಯಾಗಿ ಕೂತರೆ ಲೆಕ್ಕ, ತೋಳಿಗೆ ಬಡಿದದ್ದು ಲೆಕ್ಕಕ್ಕಿಲ್ಲ. ಹುಡುಗಿ ಇದನ್ನು ನನಗೆ ಮೀನು ಕೊಯ್ಯುವಾಗ ಹೇಳಿದ್ದಳು, ನನಗೇ ಅರ್ಥವಾಗಿತ್ತು. ಅಭಿಮಾನಿಗಳಿಗೂ ಹೇಳಿದ್ದಳು. ಅವರಿಗೆ ಕಿವಿ ಇರುವುದು ಇಯರ್‌ಫೋನ್ ಸಿಕ್ಕಿಸಲಿಕ್ಕೆ.

ಎದುರಿನವಳು ಕುಂದಾಪುರದ ಕಡೆಯ ಹುಡುಗಿ. ಗಿಡ್ಡ, ಗಟ್ಟಿ, ಗೂಳಿಯ ಹಾಗೆ ತಲೆ ತಗ್ಗಿಸಿ ಬರುತ್ತಿದ್ದಳು. ನಮ್ಮವಳು ಸರಿದಳು, ಕೊಟ್ಟಳು. ಸರಿದಳು, ಕೊಟ್ಟಳು. ಆಚೆಯವಳ ಗುದ್ದುಗಳು ನಮ್ಮವಳ ತೋಳಿಗೆ ಬಿದ್ದು ದಬದಬ ಸದ್ದಾಗುತ್ತಿತ್ತು. ಆ ಸದ್ದಿಗೆ ಹಾಲೆಲ್ಲ ಕೂಗುತ್ತಿತ್ತು. ನಮ್ಮವಳ ಕೈ ಹೋಗಿ ಮೂಗಿನ ಮೇಲೆ ಕೂತಾಗ ಸದ್ದಿಲ್ಲ, ಕೂಗೂ ಇಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಬಿತ್ತು ನಮ್ಮವಳಿಗೂ, ತುಟಿ ಒಡೆಯಿತು. ಕೊನೆಗೆ ನಡುವೆ ನಿಂತವರು ನಮ್ಮವಳ ಕೈ ಎತ್ತಿದರು. ಐವರಲ್ಲಿ ಮೂವರು ನಮ್ಮವಳಿಗೆ, ಇಬ್ಬರು ಆಚೆಯವಳಿಗೆ.

ಇಷ್ಟಕ್ಕೆ ಮುಗಿಯಬೇಕಿತ್ತು. ಹೊರಗೆ ಬಂದಾಗ ಆಚೆಯ ಹುಡುಗಿಯ ಕಡೆಯವರು ಸೋಡದ ಅಂಗಡಿಯ ಹತ್ತಿರ ಗುಂಪು ಕಟ್ಟಿ ನಿಂತಿದ್ದರು. ಅವರಲ್ಲೊಬ್ಬ ಕೂಗಿದ, "ಹ್ವಾಯ್, ಬೈಂದೂರಿನರೆ! ನಿಮ್ ಕೋಳಿ ಓಡಿ ಗೆದ್ದದ್ ಕಾಣಿ! ನಮ್ಮೂರ್ ಅಂಕಕ್ಕೂ ಅದ್ನೇ ತಕಂಬನ್ನಿ, ನಮ್ಗೆ ಸಾರಿಗ್ ಆತ್ತ್!"

ನಮ್ಮ ಟೆಂಪೊದವರು ಮರ್ಯಾದೆ ಇದ್ದ ಜನ ಆಗಿದ್ದರೆ, ನಿಮ್ಮ ಹುಡುಗಿಯ ಮೂಗು ಒರೆಸಿ ಮೊದಲು ಎನ್ನುತ್ತಿದ್ದರು. ಇವರಿಗೆ ಹೇಳಲಾಗಲಿಲ್ಲ, ಏಕೆಂದರೆ ಇವರ ಲೆಕ್ಕವೂ ಅದೇ. ಓಡಿದ ಕೋಳಿಗೆ ಗೆಲುವಿಲ್ಲ ಎಂಬುದರಲ್ಲಿ ಕುಂದಾಪುರದವರೂ ಬೈಂದೂರಿನವರೂ ಒಂದೇ ತಾಯಿಯ ಮಕ್ಕಳು. ಅಲ್ಲಿ ಕೊಡಲಾಗದ ಉತ್ತರದ ಸಿಟ್ಟನ್ನು ಟೆಂಪೊದೊಳಗೆ ತಂದು ಹುಡುಗಿಯ ಮೇಲೆ ಹಾಕಿದರು.

"ಅಲ್ಲ ಮರ್ರೆ, ನಮ್ ಹೆಣ್ಣ್ ಎದುರು ನಿಂತದ್ ಎಲ್ಲಿ? ಹಿಂದ್ ಹಿಂದೇ ಹೋತಾ ಇತ್ತಲ್ದಾ?" ಎಂದ ಐಸ್ ಪ್ಲಾಂಟಿನವ.

"ಬೊಂಬಾಯಂಗೆ ಹೀಂಗೆ ಆಡಿರೆ ಚಪ್ಲಿ ಬಿಸಾಡ್ತ್ರ್. ನಾ ಎಷ್ಟ್ ಕಂಡಿದ್ದೆ," ಎಂದ ಮುಂಬೈಯವ.

"ನೀ ಬೊಂಬಾಯಂಗೆ ಕಂಡದ್ ಸಾಂಬಾರಿನ್ ಬಾಲ್ದಿ," ಎಂದೆ ನಾನು. "ಸುಮ್ನೆ ಕೂಕೊ."

"ನಿಮ್ಗ್ ಗೊತ್ತಾತಿಲ್ಲೆ ಅಜ್ಜಿ. ಐದ್ ಜನಕ್ಕೂ ಕಣ್ಣ್ ಇಪ್ಪುದ್ ಎರ್ಡೆರ್ಡೇ. ಒಂದೇ ಆಟ. ಮೂರ್ ಜನಕ್ಕೆ ಒಂದ್ ಕಂಡ್, ಎರ್ಡ್ ಜನಕ್ಕೆ ಇನ್ನೊಂದ್ ಕಾಂಬುದ್ ಹ್ಯಾಂಗೆ? ಎಂತೋ ನಡ್ದಿತ್ತ್ ಒಳಗೆ," ಎಂದ ಅವನು.

ಒಬ್ಬರ ಕಡೆಗೆ ಹುಡುಗಿಯ ಮುಖ, ಇನ್ನೊಬ್ಬರ ಕಡೆಗೆ ಬೆನ್ನು. ಬೆನ್ನಿನ ಹಿಂದೆ ಕೂತವನಿಗೆ ಮೂಗು ಕಾಣುತ್ತದೆಯೇ? ಅದಕ್ಕೇ ಐದು ಜನ, ಐದು ಕಡೆ. ಇದಕ್ಕೆ ಯಾವ ಶಾಲೆಗೂ ಹೋಗಬೇಕಾಗಿಲ್ಲ. ಆದರೆ ಗಂಡಸರು ನಾಲ್ವರು ಕೂತು ಒಂದು ವಿಷಯ ಹಿಡಿದರೆ ಅದು ಸರಳವಾಗಿರಲು ಬಿಡುವುದಿಲ್ಲ. ಕುಂಭಾಶಿ ಬಂತು. ಎಲ್ಲರೂ ಕಿಟಕಿಯಿಂದ ಆನೆಗುಡ್ಡೆಯ ಗಣಪತಿಗೆ ಕೈ ಮುಗಿದರು, ಕಣ್ಣು ಬಿಟ್ಟವರೇ ಮತ್ತೆ ಶುರು. ನಮ್ಮೂರಿನ ಹುಡುಗಿ ಗೆದ್ದಳು ಎಂದು ಆ ದೇವರಿಗಾದರೂ ಒಬ್ಬನೂ ಹೇಳಲಿಲ್ಲ. ಬ್ಯಾನರ್ ಮಡಚಿ ಸೀಟಿನ ಕೆಳಗೆ ತುರುಕಿದ್ದರು. ಹುಡುಗಿ ತುಟಿಗೆ ಐಸ್ ಒತ್ತಿಕೊಂಡು ಕೂತಿದ್ದಳು. ಮಗ ಮಗಳ ಕಡೆ ಬೆನ್ನು ಮಾಡಿ ರಸ್ತೆ ನೋಡುತ್ತಿದ್ದ. ಅದೇ ನನಗೆ ಸರಿ ಕಾಣಲಿಲ್ಲ.

ಸಂಜೆ ಆ ಇಬ್ಬರೂ ನಮ್ಮ ಅಂಗಳಕ್ಕೇ ಬಂದರು. ಫೋನಿನಲ್ಲಿ ತೆಗೆದದ್ದನ್ನು ನಿಧಾನ ಮಾಡಿ ಮಗನಿಗೆ ತೋರಿಸಿದರು. ಐಸ್ ಪ್ಲಾಂಟಿನವ ಬೆರಳಿಟ್ಟು ತೋರಿಸುತ್ತಿದ್ದ, "ಇಕಾ, ಹಿಂದ್ ಹೋಯ್ತ್! ಇಕಾ, ಮತ್ತೊಂದ್! ನೀನೇ ಕಾಣ್." ಅದೇ ಫೋನಿನಲ್ಲಿ, ಅದೇ ಹೆಜ್ಜೆಯಲ್ಲಿ, ಹುಡುಗಿಯ ಎಡಗೈ ಆಚೆಯವಳ ಮುಖವನ್ನು ಹಿಂದಕ್ಕೆ ತಳ್ಳಿದ್ದು ಇತ್ತು. ಅದು ಬಂದಾಗ ಅವನ ಬೆರಳು ಅದರ ಮೇಲೆಯೇ ಇರುತ್ತಿತ್ತು, ಯಾರಿಗೂ ಕಾಣದ ಹಾಗೆ.

"ಬೆರ್ಳ್ ತೆಗಿ ಮಾರಾಯ," ಎಂದೆ.

"ಅಜ್ಜಿ, ಇದ್ ಬಂಗ್ಡೆ ಮೀನ್ ಅಲ್ಲ," ಎಂದ.

ನಾನು ಒಳಗೆ ಹೋದೆ. ಹುಡುಗಿ ಬಚ್ಚಲಲ್ಲಿ ಕೈಗೆ ಸುತ್ತಿದ ಪಟ್ಟಿ ಒಗೆಯುತ್ತಿದ್ದಳು. ಹಿಂಡುತ್ತಾ ಕೇಳಿದಳು, "ಅಜ್ಜಿ, ನಾ ಖರೆ ಗೆದ್ದದಾ?"

"ಎತ್ತಿದ್ ನಿನ್ ಕೈಯೇ ಅಲ್ದಾ?"

"ಎರ್ಡ್ ಜನ ಆಚೆಯವ್ಳಿಗೆ ಕೊಟ್ರಲ್ಲ."

"ಮೂರ್ ದೊಡ್ಡದಾ, ಎರ್ಡ್ ದೊಡ್ಡದಾ?"

ತುಟಿ ಒಡೆದ ನೋವಿಗೆ ಅಳದವಳು ಈಗ ಕಣ್ಣು ಒರೆಸಿಕೊಂಡಳು. ಕಣದಲ್ಲಿ ಆ ಗೂಳಿಯಿಂದ ಆಗದ್ದನ್ನು ಈ ಚಾ ಅಂಗಡಿಯ ಬೆಂಚು ಕಾಯುವ ಜನ ಮಾಡಿ ಮುಗಿಸಿದ್ದರು.

ಅವರು ಹೋದ ಮೇಲೆ ಮಗ ಬಂದು ಬಾಗಿಲಲ್ಲಿ ನಿಂತ. ಮಗಳ ಮುಖ ನೋಡಲಿಲ್ಲ. "ನಾಳೆ ಹೋಪುದಾರೆ ಹೋಗ್. ಆರೆ ಒಂದ್ ಮಾತ್. ಇನ್ಮೇಲ್ ಹಿಂದ್ ಒಂದ್ ಹೆಜ್ಜಿ ಇಟ್ಟದ್ ನಂಗ್ ಗೊತ್ತಾಯ್ತಾ, ಅಲ್ಲಿಗ್ ಮುಗೀತ್. ಮತ್ ಆ ಗ್ಲೌಸ್ ಮುಟ್ಟುಕಾಗ. ಬೋಟಿನವ್ರ್ ಎದುರ್ ಬಂದರಂಗೆ ನಂಗ್ ತಲಿ ಎತ್ಕಂಡ್ ತಿರ್ಗುಕ್ ಬೇಕ್."

"ಆಯ್ತ್ ಅಪ್ಪಯ್ಯ," ಎಂದಳು ಹುಡುಗಿ. "ಇನ್ ಹಿಂದ್ ಹೋತಿಲ್ಲೆ."

ಬೇಡ ಎಂದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಇದು ಹೋಗು ಎಂದು ಹೇಳಿ ಹಲ್ಲು ಉದುರಿಸಿಕೊಂಡು ಬಾ ಎಂದ ಹಾಗೆ. ರಾಜ್ಯಕ್ಕೆ ಬರುವವರು ಇದಕ್ಕಿಂತ ಗಟ್ಟಿಗರು, ಹತ್ತಿರ ನಿಂತರೆ ಇವಳನ್ನು ಮಡಚಿ ಇಡುತ್ತಾರೆ ಎಂದು ಮಾಸ್ತರರು ನನ್ನೆದುರೇ ಹೇಳಿದ್ದರು. ಅಪ್ಪನಿಗೆ ಕೊಟ್ಟ ಮಾತು ಎಂದು ಈ ಹುಡುಗಿ ಖಂಡಿತ ನಿಲ್ಲುತ್ತಾಳೆ, ಅಷ್ಟು ಹಟ. ಪೆಟ್ಟು ತಿಂದು ಬಿದ್ದರೆ ಇದೇ ಜನ ಬೆಂಚಿನ ಮೇಲೆ ಕೂತು, ಸೋತರೂ ನಿಂತು ಸೋತಳು ನಮ್ಮ ಹೆಣ್ಣು ಎಂದು ಚಾ ಕುಡಿಯುತ್ತಾರೆ. ಇವರಿಗೆ ಬೇಕಾದದ್ದು ಗೆಲುವಲ್ಲ. ಇನ್ನೊಬ್ಬರ ಮೈಗೆ ಪೆಟ್ಟು ಬಿದ್ದು ಉಳಿಯುವ ತಮ್ಮ ಗಂಡಸುತನ. ಮಗನಿಗೆ ಬುದ್ಧಿ ಹೇಳಲು ಹೋದರೆ, "ಅಬ್ಬಿ, ನಿಂಗ್ ಇದ್ರಂಗೆ ಎಂತ ಗೊತ್ತಿತ್ತ್?" ಎಂದು ಚಾದರ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಹುಡುಗಿಯ ಚೀಲ ಜಗಲಿಯಲ್ಲಿತ್ತು, ಅವಳು ಬೂಟು ಕಟ್ಟುತ್ತಿದ್ದಳು. ಮಗ ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದ. ನಾನು ತೆಂಗಿನ ಕಡ್ಡಿಯ ಹಿಡಿಸೂಡಿಯಲ್ಲಿ ಅಂಗಳ ಗುಡಿಸುತ್ತಿದ್ದೆ. ನಮ್ಮ ಕಡೆ ಗಂಡಸಿನ ಮೈಗೆ ಹಿಡಿಸೂಡಿ ತಾಗಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ, ಗಂಡಸರು ಹಾವಿಗೂ ಅಷ್ಟು ಹೆದರುವುದಿಲ್ಲ. ಗುಡಿಸುತ್ತಾ ಗುಡಿಸುತ್ತಾ ಅವನ ಹತ್ತಿರ ಹೋದವಳೇ ಅದನ್ನು ಎತ್ತಿ ಅವನ ಮೂತಿಗೆ ಬೀಸಿದೆ.

ಹಾರಿ ಹಿಂದೆ ಹೋದ. ಬ್ರಶ್ ಬಾವಿಕಟ್ಟೆಯ ಮೇಲೆ ಬಿತ್ತು.

"ಅಬ್ಬಿ! ಹುಚ್ಚ್ ಹಿಡಿತಾ ನಿಂಗೆ?"

"ಎಂತಕ್ ಹಿಂದ್ ಹೋದೆ?"

"ಹಿಡಿಸೂಡಿ ಮೂತಿಗ್ ಬಪ್ಪತಿಗೆ ಹಿಂದ್ ಹೋಗ್ದೆ ನಿಂತ್ಕಂತ್ರಾ?"

"ತಾಗ್ತಾ?"

"ಇಲ್ಲೆ."

"ಓಡಿ ಹೋದ್ಯಾ?"

"ಓಡುದ್ ಎಂತಕೆ? ಇಲ್ಲೇ ಇದ್ದೆ."

"ನಿನ್ ಮಗ್ಳೂ ಅಲ್ಲೇ ಇದ್ದಿತ್ತ್. ಅದ್ಕೂ ಒಂದ್ ಬಿಟ್ರೆ ತಾಗ್ಲಿಲ್ಲ. ಈಗ ಬಾ ಮುಂದೆ. ಎದುರು ನಿಂತ್ಕ, ಹಿಂದ್ ಒಂದ್ ಹೆಜ್ಜಿ ಇಡುಕಾಗ. ಬಂದರಂಗೆ ತಲಿ ಎತ್ಕಂಡ್ ತಿರ್ಗುವನಲ್ದಾ ನೀನ್? ಬಾ, ಹೊಡಿತೆ."

ಅವನು ಬರಲಿಲ್ಲ. ಬಾಯಿಂದ ನೊರೆ ಗಲ್ಲಕ್ಕೆ ಇಳಿಯುತ್ತಿತ್ತು. ನಾನು ಹಿಡಿಸೂಡಿ ಇಳಿಸಲಿಲ್ಲ. ಹುಡುಗಿಗೆ ನಗು ಬಂತು, ಒಡೆದ ತುಟಿ ಬಿರಿದು "ಅಯ್ಯೋ" ಎಂದಳು. ಅವನು ಬಾಯಿ ತೊಳೆದುಕೊಂಡು ಬಂದು ಅವಳ ಚೀಲ ಎತ್ತಿ ಬೈಕಿನ ಮೇಲಿಟ್ಟ. "ಬಸ್ ತಪ್ತ್, ಬಾ," ಎಂದ. ಆಮೇಲೆ ಗಾಡಿ ಶುರು ಮಾಡುತ್ತಾ, ಯಾರಿಗೋ ಹೇಳುವ ಹಾಗೆ, "ನಿನ್ ಮಾಸ್ಟ್ರ್ ಹೇಳ್ದಾಂಗೆ ಆಡ್."

ಅವರು ಹೋದ ಮೇಲೆ ಅಂಗಳದ ಉಳಿದ ಅರ್ಧ ಗುಡಿಸಿದೆ. ಬುಟ್ಟಿ ಹೊತ್ತು ಬಂದರಿಗೆ ಹೋದೆ. ಅವತ್ತು ಬೂತಾಯಿ ಮೀನು ಹೊಳೆಯುವಷ್ಟು ತಾಜಾ ಇತ್ತು. ಮುಂಬೈಯವನ ಹೆಂಡತಿ ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಕೊಡಲಿಲ್ಲ. ನಿನ್ನ ಗಂಡನಿಗೆ ಫೋನಿನಲ್ಲಿ ಮೀನು ನೋಡಿಕೊಳ್ಳಲು ಹೇಳು ಎಂದು ಮುಂದಿನ ಮನೆಗೆ ನಡೆದೆ.